ಅಪ್ಪನ ದನಿ: ಹಳೆಯ ಬ್ಯಾರಿಟೋನ್‌ಗಳನ್ನು ಕೇಳುವ ಬಗೆ

ಪ್ರಶ್ನೆ: ನಾನು ಚಿಕ್ಕಂದಿನಿಂದ ಹಿಂದುಸ್ತಾನಿ ಸಂಗೀತ ಕೇಳುತ್ತ ಬೆಳೆದವನು. ಒಂದು ವರ್ಷದಿಂದ ಇಟಲಿಯ ಒಪೆರಾದ ರುಚಿ ಹತ್ತಿದೆ. ಅದರಲ್ಲೂ ಬ್ಯಾರಿಟೋನ್ ಗಾಯಕರು ನನ್ನನ್ನು ಹಿಡಿದಿಟ್ಟಿದ್ದಾರೆ. ಒಬ್ಬ ಗೆಳೆಯ ತಿತ್ತಾ ರುಫ್ಫೊ ಅವರಂಥ ಕಂಠ ಇನ್ನೊಂದಿಲ್ಲ ಎನ್ನುತ್ತಾನೆ, ಇನ್ನೊಬ್ಬ ಲಿಯೊನಾರ್ಡ್ ವಾರೆನ್ ಅವರ ಹೆಸರು ಹೇಳುತ್ತಾನೆ. ನನಗೋ ರುಫ್ಫೊ ಕೊಡದೊಳಗಿನಿಂದ ಹಾಡಿದಂತೆ ಕೇಳಿಸುತ್ತಾರೆ. ಬತ್ತಿಸ್ತೀನಿ ಅವರದು ಟೆನರ್ ಕಂಠವೇನೋ ಎನ್ನಿಸುತ್ತದೆ. ಇವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಇವರಲ್ಲಿ ದೊಡ್ಡವರು ಯಾರು?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಬರಿಯ ಶಾರೀರದ ಮಾತಾದರೆ, ಧ್ವನಿಮುದ್ರಣದ ಕಾಲದಲ್ಲಿ ರುಫ್ಫೊ ಅವರನ್ನು ಮೀರಿಸಿದ ಬ್ಯಾರಿಟೋನ್ ಇಲ್ಲ. ನಿಮ್ಮ ಮೊದಲ ಗೆಳೆಯ ಸರಿ. ಆದರೆ ಇಟಲಿಯ ಸಂಯೋಜಕ ವೆರ್ದಿಯ ‘ರಿಗೊಲೆತ್ತೊ’ ಒಪೆರಾ ಕೇಳಬೇಕು ಎನ್ನಿಸಿದ ರಾತ್ರಿ ನಾನು ಕಪಾಟಿನಿಂದ ತೆಗೆಯುವುದು ತೀತೊ ಗೊಬ್ಬಿ ಅವರ ಧ್ವನಿಮುದ್ರಿಕೆಯನ್ನು. ಗೊಬ್ಬಿ ಅವರ ಶಾರೀರ ರುಫ್ಫೊ ಅವರದರ ಅರ್ಧದಷ್ಟೂ ಇರಲಿಲ್ಲ. ಈ ಎರಡು ಉತ್ತರಗಳು ಏಕೆ ಬೇರೆಯಾದವು ಎಂದು ಹೇಳಿಬಿಟ್ಟರೆ ನಿಮ್ಮ ತಕ್ಕಡಿಯ ಪ್ರಶ್ನೆಯೂ ತೀರುತ್ತದೆ.

ಬ್ಯಾರಿಟೋನ್ ಎಂದರೆ ಬಾಸ್ ಮತ್ತು ಟೆನರ್ ಕಂಠಗಳ ನಡುವಿನ ಗಂಡುದನಿ ಎಂದು ಪುಸ್ತಕಗಳು ಹೇಳುತ್ತವೆ. ಅದು ನಿಜ, ಆದರೆ ಸಾಲದು. ಹೆಚ್ಚಿನ ಗಂಡಸರು ಮಾತಾಡುವ ದನಿ ಬ್ಯಾರಿಟೋನಿನ ಆಸುಪಾಸಿನದೇ. ವೆರ್ದಿ ಮಾಡಿದ್ದೇನೆಂದರೆ, ಈ ದಿನನಿತ್ಯದ ದನಿಯನ್ನು ಅದರ ತಾರಸ್ಥಾಯಿಯ ಅಂಚಿಗೆ ಏರಿಸಿ, ಅಲ್ಲೇ ಬಹಳ ಹೊತ್ತು ನಿಲ್ಲಿಸಿ, ಅದರ ಬಾಯಲ್ಲಿ ಅಪ್ಪಂದಿರ ಮಾತುಗಳನ್ನು ಇಟ್ಟರು. ನಬುಕ್ಕೊ, ರಿಗೊಲೆತ್ತೊ, ‘ಲಾ ತ್ರಾವಿಯಾತಾ’ದ ಜೆರ್ಮೊಂತ್, ಸಿಮೊನ್ ಬೊಕ್ಕನೇಗ್ರ, ‘ಐದಾ’ದ ಅಮೊನಾಸ್ರೊ, ಇವರೆಲ್ಲ ಮಕ್ಕಳನ್ನು ಕಳೆದುಕೊಳ್ಳುವ, ಬಳಸಿಕೊಳ್ಳುವ, ಬೇಡಿಕೊಳ್ಳುವ ಅಪ್ಪಂದಿರು. ಟೆನರ್ ಪ್ರೇಮಿಸುತ್ತಾನೆ; ಬ್ಯಾರಿಟೋನ್ ಮಗಳ ಕೋಣೆಯ ಬಾಗಿಲಲ್ಲಿ ನಿಂತಿರುತ್ತಾನೆ. ಆದ್ದರಿಂದ ಈ ಗಾಯಕರನ್ನು ಹೋಲಿಸಲು ಎತ್ತರದ ಒಂದು ಸ್ವರವನ್ನೋ ಗಾತ್ರವನ್ನೋ ಹಿಡಿದರೆ ದಾರಿ ತಪ್ಪುತ್ತದೆ. ‘ಪಲ್ಯಾಚ್ಚಿ’ಯ ಪ್ರಸ್ತಾವನೆಯ ಕೊನೆಯಲ್ಲಿ ಎಲ್ಲರೂ ಕಾಯುವ ಆ ಏರುಸ್ವರ ಸಂಯೋಜಕ ಲೆಯೊನ್‌ಕವಾಲ್ಲೊ ಬರೆದದ್ದೇ ಅಲ್ಲ, ಗಾಯಕರು ರೂಢಿಗೆ ತಂದದ್ದು.

ನಾನು ಹಿಡಿಯುವ ಜಾಗ ಬೇರೆ. ‘ರಿಗೊಲೆತ್ತೊ’ದ ಎರಡನೆಯ ಅಂಕ. ಆಸ್ಥಾನಿಕರು ಗೂನುಬೆನ್ನಿನ ವಿದೂಷಕನ ಮಗಳನ್ನು ರಾತ್ರಿ ಹೊತ್ತು ತಂದು ಡ್ಯೂಕನ ಕೋಣೆಗೆ ನೂಕಿದ್ದಾರೆ. ರಿಗೊಲೆತ್ತೊ ಏನೂ ಆಗದವನಂತೆ ‘ಲ ರಾ, ಲ ರಾ’ ಎಂದು ಗುನುಗುತ್ತ ಒಳಗೆ ಬರುತ್ತಾನೆ. ಕಣ್ಣು ಮಾತ್ರ ಮೂಲೆ ಮೂಲೆ ಹುಡುಕುತ್ತಿದೆ. ಮಗಳು ಒಳಗಿದ್ದಾಳೆ ಎಂದು ಖಚಿತವಾದ ಕ್ಷಣ ಸಿಡಿಯುತ್ತಾನೆ: ‘ಕೊರ್ತಿಜಾನಿ, ವಿಲ್ ರಾತ್ಸಾ ದನ್ನಾತಾ’, ಆಸ್ಥಾನಿಕರೇ, ಹಾಳಾದ ನೀಚ ಕುಲವೇ! ಕೆಳಗೆ ಪಿಟೀಲುಗಳು ಕುದಿಯುತ್ತವೆ. ಬಾಗಿಲಿಗೆ ನುಗ್ಗುತ್ತಾನೆ, ಅವರು ತಡೆಯುತ್ತಾರೆ, ಇವನ ಬಲ ಮುಗಿಯುತ್ತದೆ. ಆಗ ಮರುಲ್ಲೊ ಎಂಬ ಒಬ್ಬ ಆಸ್ಥಾನಿಕನ ಕಡೆ ತಿರುಗಿ ಅಳುತ್ತ ಬೇಡುತ್ತಾನೆ. ಅವನು ಬಾಯಿ ಬಿಡುವುದಿಲ್ಲ. ಕೊನೆಗೆ ಎಲ್ಲರ ಮುಂದೆ ‘ಒಡೆಯರೇ, ಕ್ಷಮಿಸಿ, ಕರುಣೆ ತೋರಿ’ ಎಂದು ಹಾಡುವಾಗ ಒಂಟಿ ಚೆಲ್ಲೊ ಅವನ ಜೊತೆಗೆ ಬರುತ್ತದೆ. ಕೋಪ, ಕಣ್ಣೀರು, ಯಾಚನೆ. ನಾಲ್ಕೈದು ನಿಮಿಷಗಳಲ್ಲಿ ಮೂರೂ ಮುಗಿಯುತ್ತವೆ. ಕೋಪವನ್ನು ದೊಡ್ಡ ಕಂಠವಿರುವ ಯಾರು ಬೇಕಾದರೂ ಹಾಡಬಹುದು. ಕೋಪ ಬತ್ತಿ ಯಾಚನೆ ಶುರುವಾಗುವ ಆ ಇಳಿಜಾರಿನಲ್ಲಿ ಗಾಯಕ ಏನು ಮಾಡುತ್ತಾನೆ ಎಂಬುದನ್ನು ಕೇಳಿ. ನನ್ನ ತಕ್ಕಡಿ ಇರುವುದು ಅಲ್ಲಿ.

ಇದು ನನ್ನೊಬ್ಬನ ಹಟವೇನಲ್ಲ. 1851ರ ಮಾರ್ಚ್ 11ರಂದು ವೆನಿಸ್ಸಿನ ಲಾ ಫೆನೀಚೆ ರಂಗಮಂದಿರದಲ್ಲಿ ಮೊದಲ ರಿಗೊಲೆತ್ತೊ ಆದವರು ಫೆಲೀಚೆ ವರೇಸಿ. ನಾಲ್ಕು ವರ್ಷ ಮೊದಲು ‘ಮ್ಯಾಕ್‌ಬೆತ್’ಗಾಗಿ ಇದೇ ವರೇಸಿಗೆ ಬರೆದ ಪತ್ರದಲ್ಲಿ ವೆರ್ದಿ, ಸಂದರ್ಭವನ್ನೂ ಮಾತುಗಳನ್ನೂ ಚೆನ್ನಾಗಿ ಅಭ್ಯಾಸ ಮಾಡಿ, ಸಂಗೀತ ತಾನಾಗಿ ಬರುತ್ತದೆ ಎಂಬ ಅರ್ಥದ ಮಾತು ಹೇಳಿದ್ದರು. ಸಂಯೋಜಕನಿಗಿಂತ ಕವಿಗೆ ಹೆಚ್ಚು ದುಡಿಯಿರಿ ಎಂದು ಸಂಯೋಜಕರೇ ಕೇಳಿಕೊಂಡ ಪತ್ರ ಅದು.

ಇನ್ನು ಕೊಡದೊಳಗಿನ ದನಿಯ ವಿಷಯ. 1925ಕ್ಕೆ ಮೊದಲು ಧ್ವನಿಮುದ್ರಣದಲ್ಲಿ ಮೈಕ್ ಬಳಕೆಗೆ ಬಂದಿರಲಿಲ್ಲ. ಗಾಯಕರು ಒಂದು ಕಹಳೆಯ ಬಾಯಿಗೆ ಹಾಡುತ್ತಿದ್ದರು. ದನಿಯ ಒತ್ತಡವೇ ಪೊರೆಯನ್ನು ಅಲುಗಿಸಿ, ಮುಳ್ಳು ಮೇಣದಲ್ಲಿ ಗೀರು ಕೊರೆಯುತ್ತಿತ್ತು. ನಿಮ್ಮ ಕಿವಿಗೆ ಇದು ಹೊಸದಲ್ಲ. 1902ರ ಏಪ್ರಿಲ್‌ನಲ್ಲಿ ಮಿಲಾನಿನ ಹೋಟೆಲ್ ಕೋಣೆಯೊಂದರಲ್ಲಿ ಟೆನರ್ ಗಾಯಕ ಕಾರೂಸೊ ಅವರನ್ನು ಧ್ವನಿಮುದ್ರಿಸಿಕೊಂಡ, ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅವರೇ ಅದೇ ವರ್ಷದ ನವೆಂಬರ್‌ನಲ್ಲಿ ಕಲ್ಕತ್ತೆಗೆ ಬಂದು ಗಾಯಕಿ ಗೌಹರ್ ಜಾನ್ ಅವರನ್ನು ಮುದ್ರಿಸಿಕೊಂಡರು. ಗೌಹರ್ ಜಾನ್ ಅವರ ಮೂರು ನಿಮಿಷದ ಪ್ಲೇಟಿನಲ್ಲಿ ಗರಗರ ಸದ್ದಿನ ಆಚೆಗೆ ತಾನುಗಳನ್ನು ಹಿಡಿಯಲು ಕಲಿತ ಕಿವಿ ರುಫ್ಫೊ ಅವರನ್ನೂ ಹಿಡಿಯಬಲ್ಲದು. ಏನು ಕಳೆದುಹೋಗಿದೆ ಎಂಬುದನ್ನು ಮಾತ್ರ ತಿಳಿದಿರಬೇಕು.

ಕಳೆದುಹೋದದ್ದು ಸಣ್ಣದಲ್ಲ. ಒಪೆರಾ ಗಾಯಕ ಧ್ವನಿವರ್ಧಕವಿಲ್ಲದೆ ಇಡೀ ವಾದ್ಯಮೇಳದ ಮೇಲೆ ಕೇಳಿಸುವುದು ಹೇಗೆ? ಸ್ವೀಡನ್ನಿನ ಧ್ವನಿವಿಜ್ಞಾನಿ ಯೊಹಾನ್ ಸುಂಡ್‌ಬರ್ಗ್ ಇದನ್ನು ಅಳೆದು ತೋರಿಸಿದರು. ಪಳಗಿದ ಗಂಡುಕಂಠದಲ್ಲಿ 3,000 ಹರ್ಟ್ಸ್ ಸುತ್ತಮುತ್ತ ಶಕ್ತಿಯ ಒಂದು ದಿಬ್ಬ ಏಳುತ್ತದೆ. ವಾದ್ಯಮೇಳದ ಸದ್ದಿನ ಹೆಚ್ಚಿನ ಭಾರ 500 ಹರ್ಟ್ಸ್ ಬಳಿ ಇರುವುದರಿಂದ, ಮೇಲಿನ ಆ ಖಾಲಿ ಜಾಗದಲ್ಲಿ ಕಂಠ ತೂರಿಕೊಂಡು ಹೋಗುತ್ತದೆ. ‘ಕಂಚಿನ ಕಂಠ’ ಎಂದು ನಾವು ಹೇಳುವಾಗಿನ ಕಂಚು ಇದೇ. ಕಹಳೆಯ ಯಂತ್ರ ಹಿಡಿಯುತ್ತಿದ್ದುದು ಸುಮಾರು 2,000 ಹರ್ಟ್ಸ್, ಇನ್ನೂ ಸ್ವಲ್ಪ ಮೇಲಿನವರೆಗೆ ಮಾತ್ರ. ಅಂದರೆ ರಂಗಮಂದಿರದ ಕೊನೆಯ ಸಾಲಿಗೆ ರುಫ್ಫೊ ಅವರನ್ನು ತಲುಪಿಸುತ್ತಿದ್ದ ಭಾಗವೇ ಪ್ಲೇಟಿನ ಮೇಲೆ ಬೀಳಲಿಲ್ಲ. ಸಾಲದ್ದಕ್ಕೆ, ಜೋರಾದ ಸ್ವರ ಬಂದಾಗ ಮುಳ್ಳು ಹಾರದಂತೆ ಗಾಯಕರು ಕಹಳೆಯಿಂದ ಹಿಂದೆ ಸರಿಯಬೇಕಾಗುತ್ತಿತ್ತು. ನಾವು ಈಗ ಕೇಳುವ ಏರಿಳಿತ ಅವರು ಹಾಡಿದ ಏರಿಳಿತವಲ್ಲ.

ಬತ್ತಿಸ್ತೀನಿ ನಿಮಗೆ ಟೆನರ್‌ನಂತೆ ಕೇಳಿಸುವುದಕ್ಕೆ ಎರಡು ಕಾರಣಗಳಿರಬಹುದು. ಮೊದಲನೆಯದು ವೇಗ. ಆ ಕಾಲದ ಪ್ಲೇಟುಗಳನ್ನು ನಾವು 78 ಸುತ್ತಿನವು ಎಂದು ಕರೆದರೂ ಕಂಪನಿಗಳು ಎಪ್ಪತ್ತರಿಂದ ಎಂಬತ್ತರ ಆಚೆಯವರೆಗೆ ಬೇರೆ ಬೇರೆ ವೇಗದಲ್ಲಿ ಕೊರೆಯುತ್ತಿದ್ದವು. ವೇಗ ನೂರಕ್ಕೆ ಆರರಷ್ಟು ಹೆಚ್ಚಾದರೆ ಶ್ರುತಿ ಅರ್ಧಸ್ವರ ಏರುತ್ತದೆ. ಕಂಠದ ಕಂಪನವೂ ಚುರುಕಾಗುತ್ತದೆ, ಸ್ವರಾಕ್ಷರಗಳು ತೆಳುವಾಗುತ್ತವೆ, ಐವತ್ತರ ಗಾಯಕ ಮೂವತ್ತರವನಾಗುತ್ತಾನೆ. ಅಂತರಜಾಲದಲ್ಲಿ ಸಿಕ್ಕ ಬತ್ತಿಸ್ತೀನಿ ಅವರ ‘ಎರಿ ತು’ವಿನ (ವೆರ್ದಿಯ ‘ಉನ್ ಬಾಲ್ಲೊ ಇನ್ ಮಾಸ್ಕೆರಾ’, 1906ರ ಧ್ವನಿಮುದ್ರಣ) ಒಂದು ಪ್ರತಿಯನ್ನು ನಾನು ತಿಂಗಳುಗಟ್ಟಲೆ ಹಾಗೆಯೇ ಕೇಳಿದ್ದೆ. ಒಂದು ದಿನ ಅನುಮಾನ ಬಂದು ಹಾರ್ಮೋನಿಯಂ ತೆರೆದೆ. ಆ ಹಾಡು ಮುಗಿಯಬೇಕಾದದ್ದು ಬಿಳಿ ನಾಲ್ಕರಲ್ಲಿ. ನನ್ನ ಪ್ರತಿ ಕಪ್ಪು ಮೂರಕ್ಕೆ ಮುಗಿಯುತ್ತಿತ್ತು. ಕಂಪ್ಯೂಟರಿನಲ್ಲಿ ವೇಗ ಇಳಿಸಿದೆ. ನಿಧಾನವಾದದ್ದು ಹಾಡು ಮಾತ್ರವಲ್ಲ. ಗಂಟಲು ಅಗಲವಾಯಿತು, ಎದೆ ಬಂತು, ನನಗೆ ಪರಿಚಯವೇ ಇರದ ಒಬ್ಬ ವ್ಯಕ್ತಿ ಕೋಣೆಯಲ್ಲಿ ನಿಂತಂತಾಯಿತು. ನಿಮ್ಮ ಮನೆಯಲ್ಲಿ ಶ್ರುತಿಪೆಟ್ಟಿಗೆ ಇದ್ದೇ ಇರುತ್ತದೆ. ‘ಕೊರ್ತಿಜಾನಿ’ಯ ಕೊನೆಯ ಯಾಚನೆ ಕಪ್ಪು ಒಂದರಲ್ಲಿದೆ, ಹಚ್ಚಿ ನೋಡಿ. ವಯಸ್ಸಾದ ಗಾಯಕರು ಶ್ರುತಿ ಇಳಿಸಿಕೊಂಡು ಹಾಡುವುದುಂಟು, ಆದರೆ ಏರಿಸಿಕೊಂಡು ಹಾಡುವುದು ಅಪರೂಪ. ಹಳೆಯ ಪ್ರತಿ ಅರ್ಧಸ್ವರ ಮೇಲಿದ್ದರೆ ಗಾಯಕರನ್ನಲ್ಲ, ಪ್ರತಿ ತೆಗೆದವರನ್ನು ಅನುಮಾನಿಸಿ.

ಎರಡನೆಯ ಕಾರಣ ಬತ್ತಿಸ್ತೀನಿ ಅವರೇ. 1856ರಲ್ಲಿ ರೋಮಿನಲ್ಲಿ ಹುಟ್ಟಿದ ಅವರ ಕಂಠ ನಿಜಕ್ಕೂ ಮೇಲ್ಗಡೆಗೆ ವಾಲಿದ್ದು. ಮಂದ್ರ ಬಡವಾಗಿತ್ತು, ತಾರ ಸಲೀಸಾಗಿತ್ತು. ಟೆನರ್‌ಗಾಗಿ ಬರೆದಿದ್ದ ವೆರ್ಟರ್ ಪಾತ್ರವನ್ನು ಸಂಯೋಜಕ ಮಾಸ್ನೆ ಅವರೇ ಇವರಿಗಾಗಿ ಬ್ಯಾರಿಟೋನಿಗೆ ತಿದ್ದಿಕೊಟ್ಟರು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ವರ್ಷ ವರ್ಷ ಹಾಡಿ ಅಲ್ಲಿನವರ ಕಣ್ಮಣಿಯಾದ ಅವರು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ರಂಗಮಂದಿರದಲ್ಲಿ ಒಮ್ಮೆಯೂ ಹಾಡಲಿಲ್ಲ. ಒಂದೇ ಸ್ವರವನ್ನು ನೂಲಿನಷ್ಟು ಸಣ್ಣದಾಗಿ ಹಚ್ಚಿ, ತುಂಬಿಸಿ, ಮತ್ತೆ ನೂಲಾಗಿಸುವ ಅವರ ಕೈಚಳಕ ನಿಮಗೆ ಬಲು ಬೇಗ ಹಿಡಿಸುತ್ತದೆ, ಏಕೆಂದರೆ ಸ್ವರ ಹಚ್ಚುವುದನ್ನು ಗಮನಿಸಿ ನಿಮಗೆ ಅಭ್ಯಾಸವಿದೆ. ಆದರೆ ಅವರಿಗೆ ಹಾಡೇ ಮೊದಲು, ಪಾತ್ರ ಆಮೇಲೆ. ಎಪ್ಪತ್ತು ದಾಟಿದರೂ ಹಾಡುತ್ತಿದ್ದ ಅವರ ಕೊನೆಯ ಪ್ಲೇಟುಗಳು 1924ರವು. ಇನ್ನೊಂದು ವರ್ಷ ಕಳೆದಿದ್ದರೆ ಮೈಕ್ ಬರುತ್ತಿತ್ತು. ಆ ನಷ್ಟ ನನಗೆ ಇಂದಿಗೂ ನೋಯುತ್ತದೆ.

ರುಫ್ಫೊ ಇವರಿಗೆ ಎಲ್ಲ ರೀತಿಯಲ್ಲೂ ಎದುರು. 1877ರಲ್ಲಿ ಪೀಸಾದಲ್ಲಿ ಹುಟ್ಟಿ, ಬಾಲ್ಯದಲ್ಲಿ ತಂದೆಯ ಕಬ್ಬಿಣದ ಕುಲುಮೆಯಲ್ಲಿ ದುಡಿದವರು. ಜನ ಅವರನ್ನು ಸಿಂಹಕಂಠ ಎಂದರು; ಸಮಕಾಲೀನ ಗಾಯಕ ಜುಸೆಪ್ಪೆ ದೆ ಲೂಕಾ ಅದು ಕಂಠವಲ್ಲ, ಪವಾಡ ಎಂದರೆಂಬುದು ಪ್ರಸಿದ್ಧ. ಎರಡು ಪ್ಲೇಟು ಸಾಕು. ಒಂದು, ಫ್ರಾನ್ಸಿನ ಸಂಯೋಜಕ ತೊಮಾ ಅವರ ‘ಹ್ಯಾಮ್ಲೆಟ್’ನ ಮದ್ಯಗೀತೆ. ನಡುವೆ ತಾಳ ನಿಂತು ಕಂಠವೊಂದೇ ಉಳಿಯುವ ಕಡೆ ಒಂದೇ ಉಸಿರಿನಲ್ಲಿ ಮೇಲಿಂದ ಕೆಳಗೆ ಉರುಳಿ ಮತ್ತೆ ಏರುತ್ತಾರೆ, ಕೇಳುವ ನಮಗೇ ಉಸಿರು ಕಟ್ಟುತ್ತದೆ. ಇನ್ನೊಂದು, 1914ರಲ್ಲಿ ಕಾರೂಸೊ ಜೊತೆ ಹಾಡಿದ, ವೆರ್ದಿಯ ‘ಒತೆಲ್ಲೊ’ದ ಪ್ರತಿಜ್ಞೆಯ ಯುಗಳಗೀತೆ. ಕಾರೂಸೊ ರಂಗದ ಮೇಲೆ ಎಂದೂ ಒತೆಲ್ಲೊ ಆಗಲಿಲ್ಲ. ಆದರೆ ಇಲ್ಲಿ ರುಫ್ಫೊ ಪಕ್ಕದಲ್ಲಿ ನಿಂತು ಯಾವ ಮುಲಾಜೂ ಇಲ್ಲದೆ ಹಾಡುತ್ತಾರೆ. ಇಬ್ಬರ ಸದ್ದಿಗೆ ಕಹಳೆಯೇ ಸಣ್ಣದಾಯಿತೇನೋ ಎನ್ನಿಸುತ್ತದೆ. ‘ಕೊಡದೊಳಗಿನ ದನಿ’ ಎಂದಿರಲ್ಲ, ಮೇಲೆ ಹೇಳಿದ 3,000 ಹರ್ಟ್ಸ್ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಕೇಳಿ. ಇಷ್ಟೆಲ್ಲ ಸೋರಿಹೋದ ಮೇಲೂ ಉಳಿದದ್ದು ಇಷ್ಟು.

ಆದರೆ ಆ ಕಂಠ ಬಹುಕಾಲ ಬಾಳಲಿಲ್ಲ. 1922ರಲ್ಲಿ ಮೆಟ್ರೊಪಾಲಿಟನ್‌ಗೆ ಬರುವ ಹೊತ್ತಿಗಾಗಲೇ ಸವೆತ ಶುರುವಾಗಿತ್ತು. ಮೈಕ್ ಬಂದ ಮೇಲಿನ ಅವರ ಮುದ್ರಣಗಳಲ್ಲಿ ಇರುವುದು ಬಳಲಿದ ರುಫ್ಫೊ. 1924ರಲ್ಲಿ ಫ್ಯಾಸಿಸ್ಟರು ಕೊಂದ ಸಮಾಜವಾದಿ ಸಂಸದ ಮತ್ತೆಯೊತ್ತಿ ಇವರ ತಂಗಿಯ ಗಂಡ. ಆ ಕಾಲದ ಇಟಲಿ ಇವರನ್ನು ಸುಖವಾಗಿ ಬಿಡಲಿಲ್ಲ, 1937ರಲ್ಲಿ ಬಂಧಿಸಿತು ಕೂಡ. ಕೇಳುವಾಗ ಇದನ್ನೂ ನೆನೆಯುತ್ತೇನೆ.

ದೆ ಲೂಕಾ ಅವರ ದಾರಿ ಜಾಣತನದ್ದು. ಮಧ್ಯಮ ಗಾತ್ರದ ಕಂಠವನ್ನು ಬಡ್ಡಿಯಲ್ಲೇ ಬದುಕಿದವರಂತೆ ಬಳಸಿದರು, ಅಸಲಿಗೆ ಕೈ ಹಾಕಲಿಲ್ಲ. ಸಂಯೋಜಕ ಪುಚ್ಚೀನಿಯ ಒಪೆರಾಗಳಲ್ಲಿ 1904ರಲ್ಲಿ ‘ಮದಾಮ ಬಟರ್‌ಫ್ಲೈ’ಯ ಮೊದಲ ಶಾರ್ಪ್‌ಲೆಸ್, 1918ರಲ್ಲಿ ಮೊದಲ ಜಾನ್ನಿ ಸ್ಕಿಕ್ಕಿ ಆದವರು ಅವರೇ. ಅರವತ್ತು ದಾಟಿದ ಮೇಲೆ ಮತ್ತೆ ಮೆಟ್ರೊಪಾಲಿಟನ್ ರಂಗಕ್ಕೆ ಬಂದರು. ರಿಕ್ಕಾರ್ದೊ ಸ್ತ್ರಾಚ್ಚಾರಿ ಅವರ 1930ರ ಪೂರ್ಣ ‘ರಿಗೊಲೆತ್ತೊ’ ಕೂಡ ಸಿಗುತ್ತದೆ. ಐವತ್ತೈದರ ಕಂಠ, ಆದರೂ ಗಟ್ಟಿ ತಿರುಳು.

ಅಮೆರಿಕದ ಲಾರೆನ್ಸ್ ಟಿಬೆಟ್ ಅವರನ್ನು ನಿಮ್ಮ ಗೆಳೆಯರು ಬಿಟ್ಟದ್ದು ನನಗೆ ಆಶ್ಚರ್ಯ. 1925ರ ಜನವರಿ 2ರಂದು, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ‘ಫಾಲ್‌ಸ್ಟಾಫ್’ನ ಎರಡನೆಯ ದರ್ಜೆಯ ಪಾತ್ರವೊಂದರ ಸ್ವಗತ ಹಾಡಿದಾಗ ಮೆಟ್ರೊಪಾಲಿಟನ್ನಿನ ಜನ ಅವರೊಬ್ಬರೇ ಪರದೆಯ ಮುಂದೆ ಬರುವವರೆಗೆ ಚಪ್ಪಾಳೆ ನಿಲ್ಲಿಸಲಿಲ್ಲ. 1935ರ ಡಿಸೆಂಬರ್ 28ರ ಅವರ ರಿಗೊಲೆತ್ತೊ ರೇಡಿಯೊ ಪ್ರಸಾರ ಉಳಿದುಬಂದಿದೆ. ಮುದ್ರಣ ಒರಟು. ಆದರೆ ಸ್ಟುಡಿಯೊದ ಎಚ್ಚರವಿಲ್ಲದ, ಎದುರಿಗೆ ಜನರಿರುವ ಹಾಡು ಹೇಗಿರುತ್ತದೆ ಎಂಬುದನ್ನು ಅಲ್ಲಿ ಕೇಳಬೇಕು.

ಈಗ ವಾರೆನ್. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1911ರಲ್ಲಿ ಹುಟ್ಟಿ, ಮೊದಲು ತಂದೆಯ ತುಪ್ಪಳದ ವ್ಯಾಪಾರದಲ್ಲಿದ್ದು, ಆಮೇಲೆ ರೇಡಿಯೊ ಸಿಟಿ ಸಭಾಂಗಣದ ವೃಂದದಲ್ಲಿ ಹಾಡುತ್ತಿದ್ದವರು. ಅವರ ದನಿ ದುಂಡು, ಗಾಢ, ಅಂಚುಗಳೇ ಇಲ್ಲದ್ದು. ಬ್ಯಾರಿಟೋನ್‌ಗಳು ಬೆವರುವ ಎತ್ತರದಲ್ಲಿ ಅದು ಅರಳುತ್ತದೆ. 1950ರ ಪೂರ್ಣ ‘ರಿಗೊಲೆತ್ತೊ’ದಲ್ಲಿ ಕೊನೆಯ ಯಾಚನೆಗೆ ಬಂದಾಗ ಚೆಲ್ಲೊ ಎಲ್ಲಿ ಮುಗಿಯಿತು, ವಾರೆನ್ ಎಲ್ಲಿ ಶುರುವಾದರು ಎಂದು ಬೇರ್ಪಡಿಸುವುದು ಕಷ್ಟ. ಆ ಒಂದು ಭಾಗವನ್ನು ಅಷ್ಟು ಚೆನ್ನಾಗಿ ಹಾಡಿದ ಇನ್ನೊಬ್ಬರನ್ನು ನಾನು ಕೇಳಿಲ್ಲ. ಕೊರತೆ ಇರುವುದು ಅದರ ಹಿಂದಿನ ಇಳಿಜಾರಿನಲ್ಲಿ. ಅಳುವಾಗಲೂ ಅವರ ದನಿ ಸುಂದರವಾಗಿಯೇ ಇರುತ್ತದೆ, ಮುರಿಯುವುದಿಲ್ಲ. 1960ರ ಮಾರ್ಚ್ 4ರ ರಾತ್ರಿ ‘ಲಾ ಫೋರ್ತ್ಸಾ ದೆಲ್ ದೆಸ್ತೀನೊ’ದಲ್ಲಿ, ‘ಸಾಯುವುದು, ಎಂಥ ಘೋರ ಸಂಗತಿ’ ಎಂದು ಶುರುವಾಗುವ ಹಾಡನ್ನು ಮುಗಿಸಿದ ಕೆಲವೇ ಕ್ಷಣಗಳಲ್ಲಿ ಮೆಟ್ರೊಪಾಲಿಟನ್ ರಂಗದ ಮೇಲೆಯೇ ಕುಸಿದುಬಿದ್ದು ತೀರಿಕೊಂಡರು. ನಲವತ್ತೆಂಟು ವರ್ಷ. ನಿಮ್ಮ ಎರಡನೆಯ ಗೆಳೆಯನ ಪ್ರೀತಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಸಿಯೆನಾದ ಎತ್ತೊರೆ ಬಾಸ್ತಿಯಾನೀನಿ ಇನ್ನೂ ಬೇಗ ಹೋದರು, 1967ರಲ್ಲಿ, ನಲವತ್ತನಾಲ್ಕಕ್ಕೆ, ಗಂಟಲಿನ ಕ್ಯಾನ್ಸರಿನಿಂದ. ಬಾಸ್ ಗಾಯಕರಾಗಿ ಶುರುಮಾಡಿ ಬ್ಯಾರಿಟೋನಿಗೆ ಏರಿದವರಾದ್ದರಿಂದ ಆ ದನಿಯ ತಳದಲ್ಲಿ ಕತ್ತಲಿದೆ, ಮೇಲೆ ಲೋಹದ ಮಿಂಚಿದೆ. ರೋಗವನ್ನು ಲೋಕದಿಂದ ಮುಚ್ಚಿಟ್ಟುಕೊಂಡೇ ವರ್ಷಗಟ್ಟಲೆ ಹಾಡಿದರು. ಅವರ 1960ರ ‘ರಿಗೊಲೆತ್ತೊ’ದಲ್ಲಿ ಕೋಪದ ಭಾಗ ಬೆಂಕಿ. ಯಾಚನೆಗೆ ಬಂದಾಗ ಮಾತ್ರ ಇಷ್ಟು ಗಂಡುಗಲಿ ಕೈಮುಗಿದಾನೆಯೇ ಎಂದು ನನಗೆ ನಂಬಿಕೆ ಬರುವುದಿಲ್ಲ. ಜರ್ಮನಿಯ ಡೀಟ್ರಿಖ್ ಫಿಷರ್-ಡೀಸ್ಕಾವ್ 1964ರಲ್ಲಿ ಹಾಡಿದ್ದು ಇದಕ್ಕೆ ತದ್ವಿರುದ್ಧ. ಒಂದೊಂದು ಪದದ ಅರ್ಥವೂ ಬೆರಳಿಟ್ಟು ತೋರಿಸಿದಂತೆ ಸ್ಪಷ್ಟ, ಆದರೆ ಬೆರಳೇ ಕಣ್ಣಿಗೆ ಬೀಳುತ್ತದೆ.

ಕಡೆಗೆ ಗೊಬ್ಬಿ. ಕಾನೂನು ಓದಲು ಪಾದುವಾಕ್ಕೆ ಹೋದವರು. ಕಂಠದ ಮೇಲ್ಭಾಗ ಬಿಗಿ, ಒತ್ತಿದರೆ ಒರಟು. ಒಂದು ಸ್ವರವನ್ನು ಕತ್ತರಿಸಿ ತೆಗೆದು ವಾರೆನ್ ಅವರ ಪಕ್ಕ ಇಟ್ಟರೆ ಸೋತುಹೋಗುತ್ತಾರೆ. ಆದರೆ 1955ರಲ್ಲಿ ಸೆರಾಫಿನ್ ಅವರ ಸಂಗೀತ ನಿರ್ದೇಶನದಲ್ಲಿ ಗಾಯಕಿ ಮರಿಯಾ ಕಾಲಾಸ್ ಅವರೊಂದಿಗೆ ಮಾಡಿದ ಪೂರ್ಣ ‘ರಿಗೊಲೆತ್ತೊ’ದಲ್ಲಿ ಆ ‘ಲ ರಾ, ಲ ರಾ’ವನ್ನು ಕೇಳಿ. ಅರ್ಥವಿಲ್ಲದ ಎರಡಕ್ಷರ. ಮೊದಲ ಸಲ ಬರುವಾಗ ಬಾಯಿ ನಗುತ್ತಿದೆ, ಗಂಟಲು ಒಣಗಿದೆ. ಆಸ್ಥಾನಿಕರೊಂದಿಗೆ ಎರಡು ಮಾತಾಡಿ ಮತ್ತೆ ‘ಲ ರಾ’ ಎನ್ನುವಾಗ ಸ್ವರದ ಬಾಲ ಸಣ್ಣಗೆ ನಡುಗುತ್ತದೆ, ಕೂಡಲೇ ಸಾವರಿಸಿಕೊಳ್ಳುತ್ತಾರೆ. ಬಾಗಿಲ ಬಳಿ ಜಗಳ ಮುಗಿದು ಮರುಲ್ಲೊನ ಹೆಸರು ಹಿಡಿದು ಕರೆಯುವಾಗ ದನಿಯಲ್ಲಿ ಬಣ್ಣವೇ ಇಲ್ಲ. ಅಷ್ಟು ಹೊತ್ತು ಬೈಯುತ್ತಿದ್ದವನಿಗೆ ‘ಸ್ವಾಮೀ’ ಎನ್ನಬೇಕಾಗಿ ಬಂದ ಅಪ್ಪನ ನಾಚಿಕೆ ಆ ಬಣ್ಣಗೇಡಿನಲ್ಲಿದೆ. ಅಲ್ಲಿಂದ ಯಾಚನೆಗೆ ಬರುವಾಗ ಗೊಬ್ಬಿ ಚೆನ್ನಾಗಿ ಹಾಡಲು ಪ್ರಯತ್ನಿಸುತ್ತಲೇ ಇಲ್ಲ ಎನ್ನಿಸುತ್ತದೆ. ಮುದುಕನೊಬ್ಬ ಮಗಳನ್ನು ಕೇಳುತ್ತಿದ್ದಾನೆ, ಅಷ್ಟೇ.

ಆದ್ದರಿಂದ ಹೀಗೆ ಮಾಡಿ. ಒಂದೇ ಕೂರುವಿಕೆಯಲ್ಲಿ ಇಡೀ ಒಪೆರಾಗಳನ್ನು ಹೋಲಿಸಲು ಹೋಗಬೇಡಿ. ‘ಲ ರಾ’ದಿಂದ ಯಾಚನೆಯ ಕೊನೆಯವರೆಗಿನ ಭಾಗವನ್ನು ಮಾತ್ರ, ಸಾಹಿತ್ಯವನ್ನು ಎದುರಿಗಿಟ್ಟುಕೊಂಡು, ದಿನಕ್ಕೊಬ್ಬರಂತೆ ಕೇಳಿ: ಮೊದಲು ವಾರೆನ್, ಮರುದಿನ ಬಾಸ್ತಿಯಾನೀನಿ, ಆಮೇಲೆ ಗೊಬ್ಬಿ, ಕಿವಿ ಪಳಗಿದ ಮೇಲೆ ಟಿಬೆಟ್. ರುಫ್ಫೊ ಅವರನ್ನು ಆ ‘ಒತೆಲ್ಲೊ’ ಪ್ಲೇಟಿನಲ್ಲೇ ಕೇಳಿ, ಕಿವಿಗೆ ಸಿಕ್ಕಿಸುವ ಇಯರ್‌ಫೋನಿನಲ್ಲಿ ಬೇಡ. ಸ್ಪೀಕರಿನಲ್ಲಿ ಹಾಕಿ, ನೀವು ಪಕ್ಕದ ಕೋಣೆಗೆ ಹೋಗಿ ನಿಲ್ಲಿ. ಗೋಡೆ ಗರಗರ ಸದ್ದನ್ನು ತಡೆಯುತ್ತದೆ, ರುಫ್ಫೊ ಅವರನ್ನು ತಡೆಯುವುದಿಲ್ಲ.